ಹೊಲದ ಮುಂದೆ ಒಳಚರಂಡಿ ಪೈಪ್ ಬಂದಾಗ: ವಾಷಿಂಗ್ಟನ್ ರಾಜ್ಯದಲ್ಲಿ ಕೃಷಿಭೂಮಿ ಇರುವವರಿಗೆ ಮಾರ್ಗದರ್ಶಿ

ಸಿಯಾಟಲ್ ಸುತ್ತಮುತ್ತ ಕೆಲಸ ಮಾಡಿಕೊಂಡು ಊರಾಚೆ ಐದೋ ಹತ್ತೋ ಎಕರೆ ಜಮೀನು ಮಾಡಿಕೊಂಡ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಜಮೀನಿನ ಮುಂದೆ ಸಿಟಿಯವರು ಕುಡಿಯುವ ನೀರಿನ ಪೈಪು, ಒಳಚರಂಡಿ ಹಾಕುತ್ತಾರಂತೆ. ನಮಗೆ ಬೋರ್‌ವೆಲ್ ಇದೆ, ಸೆಪ್ಟಿಕ್ ಟ್ಯಾಂಕ್ ಇದೆ. ಇದಕ್ಕೆ ನಾವೇಕೆ ದುಡ್ಡು ಕೊಡಬೇಕು?"

ಜಮೀನು ಕೃಷಿಭೂಮಿ ಎಂದು ಕೌಂಟಿಯಲ್ಲಿ ದಾಖಲಾಗಿದ್ದರೆ ಈಗ ಕೊಡಬೇಕಾಗಿಲ್ಲ. ಆದರೆ ಅದು ಮನ್ನಾ ಅಲ್ಲ. ನಿಮ್ಮ ಪಾಲಿನ ಮೊತ್ತ ಎಷ್ಟು ಎಂದು ಇವತ್ತೇ ಬರೆದಿಡುತ್ತಾರೆ. ಜಮೀನು ಕೃಷಿಯಿಂದ ಹೊರಬಿದ್ದ ದಿನ ಅದು ಬಡ್ಡಿ ಸಮೇತ ಎದ್ದು ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ "ನಮಗೆ ವಿನಾಯಿತಿ ಇದೆ" ಎಂದು ನೋಟಿಸನ್ನು ಡ್ರಾಯರಿಗೆ ಹಾಕಿ ಮರೆಯುವುದೇ ಎಲ್ಲರೂ ಮಾಡುವ ತಪ್ಪು.

ಇಲ್ಲಿ ಹೇಳಿರುವುದು ವಾಷಿಂಗ್ಟನ್ ರಾಜ್ಯದ ಕಾನೂನು, ಅಂದರೆ ರಾಜ್ಯ ಸಂಹಿತೆಯ 84.34 ಅಧ್ಯಾಯದ 300ರಿಂದ 380ರವರೆಗಿನ ಕಲಮುಗಳು. 1979ರಲ್ಲಿ ಬಂದವು. ಒರೆಗಾನ್, ಕ್ಯಾಲಿಫೋರ್ನಿಯಾದಲ್ಲಿ ಜಮೀನು ಇರುವವರು ಇದನ್ನೇ ಅಲ್ಲಿಗೂ ಹೊಂದಿಸಬೇಡಿ. ಒಂದೊಂದು ರಾಜ್ಯದ ದಾರಿ ಒಂದೊಂದು.

ಮೊದಲು ಕೆಲವು ಪದಗಳು

ಎಲ್‌ಐಡಿ: ಲೋಕಲ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಜಿಲ್ಲೆ ಎಂದ ಮಾತ್ರಕ್ಕೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಒಂದು ಪೈಪು ಅಥವಾ ರಸ್ತೆಯಿಂದ ಲಾಭ ಪಡೆಯುವ ಆಸ್ತಿಗಳ ಸುತ್ತ ನಕ್ಷೆಯಲ್ಲಿ ಎಳೆದ ಗೆರೆ, ಅಷ್ಟೆ. ಸಿಟಿ ಬಾಂಡ್ ಮಾರಿ ಹಣ ಎತ್ತಿ ಕೆಲಸ ಮಾಡಿಸುತ್ತದೆ, ಗೆರೆಯೊಳಗಿನವರಿಂದ ಕಂತಿನಲ್ಲಿ ವಸೂಲು ಮಾಡುತ್ತದೆ.

ಅಸೆಸ್‌ಮೆಂಟ್: ಆ ಗೆರೆಯೊಳಗಿನ ಪ್ರತಿ ಆಸ್ತಿಯ ಮೇಲೆ ಬೀಳುವ ಸುಧಾರಣಾ ಶುಲ್ಕ. ವರ್ಷ ವರ್ಷ ಕಟ್ಟುವ ಆಸ್ತಿ ತೆರಿಗೆ ಬೇರೆ, ಇದು ಬೇರೆ.

ರೋಲ್: ಯಾರ ಆಸ್ತಿಗೆ ಎಷ್ಟು ಶುಲ್ಕ ಎಂಬ ಪಟ್ಟಿ. ಕಾಮಗಾರಿಯ ಲೆಕ್ಕ ಮುಗಿದ ಮೇಲೆ ಸಿಟಿ ಕೌನ್ಸಿಲ್ ಅಂತಿಮ ರೋಲನ್ನು ಸ್ಥಿರೀಕರಿಸುತ್ತದೆ. ಈ ಸ್ಥಿರೀಕರಣದ ದಿನವನ್ನು ನೆನಪಿಡಿ. ಅದರ ಆಚೆ ಬಹುತೇಕ ಬಾಗಿಲುಗಳು ಮುಚ್ಚುತ್ತವೆ.

ಕರೆಂಟ್ ಯೂಸ್ ವರ್ಗೀಕರಣ: ಜಮೀನಿಗೆ ಮಾರುಕಟ್ಟೆ ಬೆಲೆಯ ಮೇಲಲ್ಲ, ಕೃಷಿ ಬಳಕೆಯ ಬೆಲೆಯ ಮೇಲೆ ತೆರಿಗೆ ಹಾಕುವ ವ್ಯವಸ್ಥೆ. ಕೌಂಟಿ ಅಸೆಸರ್, ಅಂದರೆ ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಅಧಿಕಾರಿ, ಇವರ ಕಚೇರಿಯಲ್ಲಿ ದಾಖಲೆ ಇರುತ್ತದೆ.

ಕೃಷಿಭೂಮಿಗೇ ಏಕೆ ಇಷ್ಟು ದೊಡ್ಡ ಹೊಡೆತ ಎಂದರೆ, ಶುಲ್ಕವನ್ನು ಸಾಮಾನ್ಯವಾಗಿ ರಸ್ತೆಗೆ ತಾಗಿದ ಉದ್ದ ಅಥವಾ ವಿಸ್ತೀರ್ಣ ನೋಡಿ ಹಂಚುತ್ತಾರೆ. ಹತ್ತು ಎಕರೆ ಚೌಕದ ಒಂದು ಬದಿ 660 ಅಡಿ. ಪಕ್ಕದ ಮನೆಯ ನಿವೇಶನ 60 ಅಡಿ ಎಂದುಕೊಳ್ಳಿ. ಉದ್ದದ ಲೆಕ್ಕದಲ್ಲಿ ನಿಮ್ಮ ಪಾಲು ಅವರ ಹನ್ನೊಂದರಷ್ಟು. ಅವರು ದಿನಾ ನೀರು ಬಳಸುತ್ತಾರೆ, ನಿಮ್ಮ ಹೊಲದಲ್ಲಿ ಹುಲ್ಲು ಬೆಳೆಯುತ್ತದೆ. ಈ ಅನ್ಯಾಯವನ್ನು ತಡೆಯಲೆಂದೇ ವಿನಾಯಿತಿ ಬಂದದ್ದು. ಇಲ್ಲದಿದ್ದರೆ ಶುಲ್ಕ ಕಟ್ಟಲಾಗದೆ ರೈತ ಜಮೀನನ್ನೇ ಲೇಔಟ್‌ನವರಿಗೆ ಮಾರಬೇಕಾಗುತ್ತದೆ.

ಇಂಥ ನೋಟಿಸು ಎಲ್ಲ ಕೃಷಿಕರಿಗೂ ಬರುವುದಿಲ್ಲ. ರಾಜ್ಯದ 1990ರ ಬೆಳವಣಿಗೆ ನಿರ್ವಹಣಾ ಕಾಯ್ದೆಯ ಪ್ರಕಾರ ನಗರ ಬೆಳವಣಿಗೆಯ ಗಡಿಯಾಚೆಗಿನ ಗ್ರಾಮೀಣ ಪ್ರದೇಶಕ್ಕೆ ಒಳಚರಂಡಿಯಂಥ ನಗರ ಸೇವೆಯನ್ನು ಸಾಮಾನ್ಯವಾಗಿ ಒಯ್ಯುವಂತಿಲ್ಲ. ಹಾಗಾಗಿ ಸಮಸ್ಯೆ ಹೆಚ್ಚಾಗಿ ಗಡಿಯ ಅಂಚಿನಲ್ಲೋ ಒಳಗೋ ಉಳಿದುಕೊಂಡ ಜಮೀನುಗಳದ್ದು.

ಹಂತ 1: ಜಮೀನು ನಿಜಕ್ಕೂ ವರ್ಗೀಕರಣದಲ್ಲಿದೆಯೇ ನೋಡಿ

ಬೆಳೆ ಬೆಳೆಯುತ್ತೀರಿ, ದನ ಕಟ್ಟಿದ್ದೀರಿ ಎಂದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಅಸೆಸರ್ ದಾಖಲೆಯಲ್ಲಿ 84.34 ಅಧ್ಯಾಯದಡಿ ಕೃಷಿಭೂಮಿ ಎಂದು ಇರಬೇಕು. ಮರ ಬೆಳೆಸುವ ಭೂಮಿಗೂ ಇದೇ ವಿನಾಯಿತಿ ಇದೆ. ವರ್ಗೀಕರಣಕ್ಕೆ ಬೇಕಾದದ್ದು ಇಷ್ಟು:

20 ಎಕರೆ ಅಥವಾ ಹೆಚ್ಚು ಇದ್ದರೆ, ಅದು ಮುಖ್ಯವಾಗಿ ವಾಣಿಜ್ಯ ಕೃಷಿಗೆ ಬಳಕೆಯಾಗುತ್ತಿರಬೇಕು.
5ರಿಂದ 20 ಎಕರೆಯೊಳಗಿದ್ದರೆ, ಹಿಂದಿನ ಐದು ವರ್ಷಗಳಲ್ಲಿ ಮೂರು ವರ್ಷವಾದರೂ ಎಕರೆಗೆ ವರ್ಷಕ್ಕೆ ಕನಿಷ್ಠ 200 ಡಾಲರ್ ಒಟ್ಟು ಆದಾಯ.
5 ಎಕರೆಗಿಂತ ಕಡಿಮೆ ಇದ್ದರೆ, ಅದೇ ಲೆಕ್ಕದ ಮೂರು ವರ್ಷ ವರ್ಷಕ್ಕೆ ಕನಿಷ್ಠ 1,500 ಡಾಲರ್.

1993ಕ್ಕೆ ಮೊದಲೇ ವರ್ಗೀಕರಣವಾದ ಜಮೀನಿಗೆ ಮೊತ್ತ ಇದಕ್ಕಿಂತ ಕಡಿಮೆ. ಒಟ್ಟು ಆದಾಯ ಎಂದರೆ ಖರ್ಚು ಕಳೆಯುವ ಮೊದಲಿನದು, ಲಾಭವಲ್ಲ. ಬಿಲ್ಲು, ರಸೀದಿ, ತೆರಿಗೆ ಪತ್ರದ ಕೃಷಿ ಪುಟ ಎಲ್ಲ ಎತ್ತಿಡಿ. ಮನೆಗೆ ಬೆಳೆದ ತರಕಾರಿ ಲೆಕ್ಕಕ್ಕೆ ಬಾರದು.

ಜನ ಎಡವುವುದು ದಿನಾಂಕದಲ್ಲಿ. ಎಲ್‌ಐಡಿ ರಚಿಸುವ ಆದೇಶ ಒಂದು ದಿನ, ಅಂತಿಮ ರೋಲ್ ಸ್ಥಿರೀಕರಿಸುವ ಆದೇಶ ಇನ್ನೊಂದು ದಿನ. ಇವೆರಡರಲ್ಲಿ ಯಾವುದು ಮೊದಲೋ ಆ ದಿನ ಜಮೀನು ವರ್ಗೀಕರಣದಲ್ಲಿರಬೇಕು. ಸಾಮಾನ್ಯವಾಗಿ ರಚನೆಯೇ ಮೊದಲು. ವರ್ಗೀಕರಣದ ಅರ್ಜಿ ಈ ವರ್ಷ ಕೊಟ್ಟರೆ ಜಾರಿಗೆ ಬರುವುದು ಮುಂದಿನ ವರ್ಷಕ್ಕೆ. ಅಂದರೆ ಸಿಟಿಯಲ್ಲಿ ಪೈಪಿನ ಮಾತು ಶುರುವಾದ ಮೇಲೆ ಓಡಿದರೆ ತಡ. ಗಡಿಯ ಅಂಚಿನಲ್ಲಿ ಜಮೀನಿದ್ದು ಅರ್ಹತೆಯೂ ಇದ್ದರೆ ಈಗಲೇ ಅರ್ಜಿ ಹಾಕುವುದು ಮೇಲು. ವರ್ಗೀಕರಣವೂ ಒಂದು ಬದ್ಧತೆ ಎಂಬುದನ್ನು ಮಾತ್ರ ಮರೆಯಬೇಡಿ. ಕನಿಷ್ಠ ಹತ್ತು ವರ್ಷ ಅದರಲ್ಲೇ ಇರಬೇಕು.

ಹಂತ 2: ನೋಟಿಸಿನಲ್ಲಿ ಏನಿದೆ ಎಂದು ಓದಿ

ಎಲ್‌ಐಡಿ ರಚನೆಯಾದಾಗ ಸಿಟಿ ಅದನ್ನು ಕೌಂಟಿ ಅಸೆಸರ್‌ಗೆ ತಿಳಿಸಬೇಕು. ಅಸೆಸರ್ ನಿಮಗೆ ಕಳಿಸುವ ಪತ್ರದಲ್ಲಿ ನಾಲ್ಕು ವಿಷಯ ಇರಬೇಕು: ಎಲ್‌ಐಡಿ ರಚನೆಯಾಗಿದೆ, ನಿಮ್ಮ ಜಮೀನಿಗೆ ವಿನಾಯಿತಿ ಇದೆ, ಬೇಡವಾದರೆ ನೋಟರಿ ಸಹಿಯ ಪತ್ರ ಕೊಟ್ಟು ವಿನಾಯಿತಿ ಬಿಟ್ಟುಕೊಡಬಹುದು, ಬಿಟ್ಟುಕೊಡದೆ ಮುಂದೆ ಜಮೀನು ಕೃಷಿಯಿಂದ ಹೊರಬಿದ್ದರೆ ಹೊಣೆ ಬೀಳುತ್ತದೆ.

ಈ ಪತ್ರ ಬಂದ ದಿನಾಂಕವನ್ನು ಲಕೋಟೆಯ ಮೇಲೇ ಬರೆದಿಡಿ. ಬಡ್ಡಿಯ ಲೆಕ್ಕ ಶುರುವಾಗುವುದು ಸಿಟಿ ಮೊದಲ ನೋಟಿಸು ಸಲ್ಲಿಸಿದ ದಿನದಿಂದ, ಪೈಪ್ ಹೂತ ದಿನದಿಂದಲ್ಲ. ಆ ಸಲ್ಲಿಕೆಯ ದಿನಾಂಕ ಯಾವುದೆಂದು ಸಿಟಿ ಕ್ಲರ್ಕನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಇಪ್ಪತ್ತು ವರ್ಷದ ನಂತರ ಅದನ್ನು ಹುಡುಕುವುದು ತಲೆನೋವು.

ವಿನಾಯಿತಿ ಯಾವುದಕ್ಕೆ ಅನ್ವಯ ಎಂಬುದೂ ಸ್ಪಷ್ಟವಿರಲಿ: ಒಳಚರಂಡಿ ಮತ್ತು ಮಳೆನೀರು ಚರಂಡಿ, ಗೃಹಬಳಕೆಯ ನೀರಿನ ಪೂರೈಕೆ, ರಸ್ತೆ ನಿರ್ಮಾಣ ಅಥವಾ ಸುಧಾರಣೆ. ಇವುಗಳ ಅಸೆಸ್‌ಮೆಂಟ್ ಹಾಗೂ ಅದರ ಬದಲಿಗೆ ಹಾಕುವ ಶುಲ್ಕ ಮಾತ್ರ. ತಿಂಗಳ ನೀರಿನ ಬಿಲ್ಲು, ಆಸ್ತಿ ತೆರಿಗೆಯ ಜೊತೆ ಬರುವ ಮಳೆನೀರು ನಿರ್ವಹಣಾ ಶುಲ್ಕ ಇದರಡಿ ಬರುವುದಿಲ್ಲ. ಯೋಜನೆ ನಡೆಸುತ್ತಿರುವುದು ಸಿಟಿಯಲ್ಲದೆ ಕೌಂಟಿಯೋ ನೀರು-ಒಳಚರಂಡಿ ಡಿಸ್ಟ್ರಿಕ್ಟೋ ಆಗಿದ್ದರೂ ವಿನಾಯಿತಿ ಅದೇ.

ಹಂತ 3: ಈಗ ಕಟ್ಟುವುದಿಲ್ಲವಾದರೂ ಮೊತ್ತವನ್ನು ಪರೀಕ್ಷಿಸಿ

ಈ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಅಂತಿಮ ರೋಲ್ ಸ್ಥಿರೀಕರಿಸಿದ ಮೇಲೆ ಸಿಟಿಯು ಅಸೆಸರ್‌ಗೆ ಇನ್ನೊಂದು ನೋಟಿಸು ಸಲ್ಲಿಸುತ್ತದೆ. ವಿನಾಯಿತಿ ಇರದಿದ್ದರೆ ನಿಮ್ಮ ಜಮೀನಿಗೆ ಎಷ್ಟು ಬೀಳುತ್ತಿತ್ತು ಎಂಬ ಮೊತ್ತ ಅದರಲ್ಲಿರುತ್ತದೆ. ಮುಂದೆ ಎಂದಾದರೂ ವಸೂಲು ಮಾಡುವಾಗ ಅಸಲು ಅದೇ. ಆಗ "ಇದು ಹೆಚ್ಚಾಯಿತು" ಎಂದರೆ ಕೇಳುವವರಿಲ್ಲ. ತಕರಾರು ಹೇಳುವ ಕಾಲ ರೋಲ್ ಸ್ಥಿರೀಕರಣಕ್ಕೆ ಮೊದಲಿನ ವಿಚಾರಣೆ.

ಸಿಟಿಗಳ ಎಲ್‌ಐಡಿಯಲ್ಲಿ ಆ ವಿಚಾರಣೆಯ ನೋಟಿಸನ್ನು ಕನಿಷ್ಠ 15 ದಿನ ಮೊದಲು ಅಂಚೆಗೆ ಹಾಕಬೇಕು. ಇರುವ ಸಮಯ ಅಷ್ಟೇ. ಆಕ್ಷೇಪಣೆ ಬರಹದಲ್ಲಿರಬೇಕು, ಕಾರಣ ಸ್ಪಷ್ಟವಾಗಿರಬೇಕು, ವಿಚಾರಣೆಯ ದಿನಕ್ಕೆ ಮೊದಲೇ ಕ್ಲರ್ಕ್ ಕೈ ಸೇರಿರಬೇಕು. ಹೋಗಿ ಮೈಕಿನ ಮುಂದೆ ಮಾತಾಡಿ ಬಂದರೆ ಸಾಲದು. ಸಮಯಕ್ಕೆ ಸರಿಯಾಗಿ ಬರೆದು ಕೊಡದ ಆಕ್ಷೇಪಣೆಯನ್ನು ಕೈಬಿಟ್ಟಂತೆ ಎಂದು ಕಾನೂನು ಭಾವಿಸುತ್ತದೆ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು? "ಕಟ್ಟಲು ಆಗುವುದಿಲ್ಲ", "ನಮಗೆ ಬೇಕಿರಲಿಲ್ಲ" ಎಂಬುದಕ್ಕೆ ಬೆಲೆ ಇಲ್ಲ. ಶುಲ್ಕ ಆ ಆಸ್ತಿಗೆ ಆದ ವಿಶೇಷ ಲಾಭವನ್ನು ಮೀರುವಂತಿಲ್ಲ ಎಂಬುದು ಮೂಲ ನಿಯಮ. ಕೆಲಸಕ್ಕೆ ಮುಂಚೆ ಜಮೀನಿನ ಮಾರುಕಟ್ಟೆ ಬೆಲೆ ಎಷ್ಟು, ಆದ ಮೇಲೆ ಎಷ್ಟು, ಇವುಗಳ ನಡುವಿನ ಅಂತರವೇ ವಿಶೇಷ ಲಾಭ. ಸಿಟಿಯ ಲೆಕ್ಕವೇ ಸರಿ ಎಂಬ ಭಾವನೆಯಿಂದ ವಿಚಾರಣೆ ಶುರುವಾಗುತ್ತದೆ. ಅದನ್ನು ಅಲುಗಿಸಲು ಸ್ವತಂತ್ರ ಅಪ್ರೈಸರ್‌ನ, ಅಂದರೆ ಪರವಾನಗಿ ಪಡೆದ ಬೆಲೆ ನಿರ್ಧಾರಕರ, ವರದಿ ಬೇಕು. ಜೊತೆಗೆ ಇವನ್ನೂ ನೋಡಿ:

ರೋಲಿನಲ್ಲಿರುವ ರಸ್ತೆಬದಿಯ ಉದ್ದ, ಎಕರೆ ನಿಮ್ಮ ಸರ್ವೆ ನಕ್ಷೆಗೆ ಹೊಂದುತ್ತದೆಯೇ? ಜೌಗು ಪ್ರದೇಶ, ತೊರೆಯ ದಂಡೆ, ಪ್ರವಾಹ ಬಯಲು ಮುಂತಾಗಿ ಕಟ್ಟಡ ಕಟ್ಟಲಾಗದ ಭಾಗವನ್ನೂ ಕಟ್ಟಬಹುದಾದ ನಿವೇಶನ ಎಂದೇ ಎಣಿಸಿದ್ದಾರೆಯೇ? ಝೋನಿಂಗ್‌ನಲ್ಲಿ ಎಷ್ಟು ಮನೆಗೆ ಅವಕಾಶವಿದೆ, ಅವರು ಎಷ್ಟು ಎಂದು ಹಿಡಿದಿದ್ದಾರೆ? ತಪ್ಪು ಸಿಕ್ಕುವುದು ಹೆಚ್ಚಾಗಿ ಇಲ್ಲೇ. ಪಶ್ಚಿಮ ವಾಷಿಂಗ್ಟನ್ನಿನ ಮಳೆಗೆ ಹತ್ತು ಎಕರೆಯಲ್ಲಿ ಮೂರು ಎಕರೆ ಜೌಗಾಗಿರುವುದು ಅಪರೂಪವೇನಲ್ಲ.

ಕೌನ್ಸಿಲ್ ಒಪ್ಪದಿದ್ದರೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು. ಸಿಟಿಗಳ ವಿಷಯದಲ್ಲಿ, ರೋಲ್ ಸ್ಥಿರೀಕರಿಸಿದ ಆದೇಶ ಜಾರಿಗೆ ಬಂದ 10 ದಿನದೊಳಗೆ ಸಿಟಿ ಕ್ಲರ್ಕ್ ಮತ್ತು ಕೋರ್ಟ್ ಕ್ಲರ್ಕ್ ಇಬ್ಬರಲ್ಲೂ ಅಪೀಲಿನ ನೋಟಿಸು ಸಲ್ಲಿಸಬೇಕು. ಹತ್ತು ದಿನದಲ್ಲಿ ವಕೀಲರನ್ನು ಹುಡುಕಲು ಹೊರಟರೆ ಆಗದು. ವಿಚಾರಣೆಗೆ ಮೊದಲೇ ಗೊತ್ತುಮಾಡಿಕೊಳ್ಳಿ.

ಎಲ್‌ಐಡಿಯೇ ಬೇಡ ಎನ್ನುವವರಿಗೆ ಇದಕ್ಕೂ ಮೊದಲಿನ ಅವಕಾಶವಿದೆ. ಸಿಟಿ ತಾನಾಗಿಯೇ ರಚಿಸಿದ ಎಲ್‌ಐಡಿಗೆ, ಆದೇಶವಾದ 30 ದಿನದೊಳಗೆ ಒಟ್ಟು ವೆಚ್ಚದ 60 ಶೇಕಡಾ ಹೊರುವ ಆಸ್ತಿಗಳ ಮಾಲೀಕರು ಲಿಖಿತ ವಿರೋಧ ಸಲ್ಲಿಸಿದರೆ ಸಾಮಾನ್ಯವಾಗಿ ಅದು ಅಲ್ಲಿಗೇ ನಿಲ್ಲುತ್ತದೆ. ವಿನಾಯಿತಿ ಇರುವ ಜಮೀನನ್ನು ಈ ಲೆಕ್ಕದಲ್ಲಿ ಹೇಗೆ ಹಿಡಿಯುತ್ತಾರೆ ಎಂದು ಕ್ಲರ್ಕನ್ನು ಮೊದಲೇ ಕೇಳಿ. ನೀರು-ಒಳಚರಂಡಿ ಡಿಸ್ಟ್ರಿಕ್ಟುಗಳಿಗೆ ಪ್ರಮಾಣ ಬೇರೆ.

ಹಂತ 4: ವಿನಾಯಿತಿ ಇಟ್ಟುಕೊಳ್ಳಬೇಕೋ ಬಿಡಬೇಕೋ, ಲೆಕ್ಕ ಹಾಕಿ

ಬಿಡುವುದಾದರೆ ನೋಟರಿ ಮುಂದೆ ಸಹಿ ಮಾಡಿದ ಪತ್ರವನ್ನು ಅಂತಿಮ ರೋಲ್ ಸ್ಥಿರೀಕರಣಕ್ಕೆ ಮೊದಲು ಸಿಟಿಗೆ ಕೊಡಬೇಕು. ಇಮೇಲ್, ಫೋನ್ ನಡೆಯದು. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬಡ್ಡಿಯ ನಿಯಮ ಹೀಗಿದೆ. ಯೋಜನೆಯ ಬಾಂಡ್‌ಗಳು ಪೂರ್ತಿ ತೀರುವ ಮೊದಲೇ ಜಮೀನು ಹೊರಬಿದ್ದರೆ, ಅಸಲಿನ ಮೇಲೆ ಸರಾಸರಿ ಹಣದುಬ್ಬರದ ದರದಲ್ಲಿ ವರ್ಷಕ್ಕೊಮ್ಮೆ ಚಕ್ರಬಡ್ಡಿ. ಬಾಂಡ್ ತೀರಿದ ಮೇಲೆ ಹೊರಬಿದ್ದರೆ, ತೀರಿದ ದಿನದವರೆಗೆ ಚಕ್ರಬಡ್ಡಿ, ಆಮೇಲೆ ಒಟ್ಟು ಮೊತ್ತದ ಮೇಲೆ ಸರಳಬಡ್ಡಿ. ಹಣದುಬ್ಬರದ ದರವನ್ನು ರಾಜ್ಯದ ಕಂದಾಯ ಇಲಾಖೆ ಪ್ರತಿ ವರ್ಷ ನಿಗದಿ ಮಾಡಿ ಪ್ರಕಟಿಸುತ್ತದೆ.

ಉದಾಹರಣೆಗೆ ಶುಲ್ಕ 48,000 ಡಾಲರ್, ಸರಾಸರಿ ಹಣದುಬ್ಬರ 2.5 ಶೇಕಡಾ, ಬಾಂಡ್ ಅವಧಿ 15 ವರ್ಷ ಎಂದುಕೊಳ್ಳೋಣ.

8 ವರ್ಷಕ್ಕೆ ಕೃಷಿ ಬಿಟ್ಟರೆ: ಸುಮಾರು 58,480 ಡಾಲರ್.
20 ವರ್ಷಕ್ಕೆ ಬಿಟ್ಟರೆ: 15 ವರ್ಷಕ್ಕೆ ಸುಮಾರು 69,520, ಅದರ ಮೇಲೆ 5 ವರ್ಷದ ಸರಳಬಡ್ಡಿ ಸೇರಿ ಸುಮಾರು 78,210 ಡಾಲರ್.
ಎಂದೂ ಬಿಡದಿದ್ದರೆ: ಸೊನ್ನೆ.
ವಿನಾಯಿತಿ ಬಿಟ್ಟು ಈಗಲೇ 15 ಸಮ ಕಂತಿನಲ್ಲಿ 5 ಶೇಕಡಾ ಬಡ್ಡಿಗೆ ಕಟ್ಟಿದರೆ: ವರ್ಷಕ್ಕೆ ಅಸಲು 3,200, ಒಟ್ಟು ಬಡ್ಡಿ 19,200, ಒಟ್ಟಾರೆ 67,200 ಡಾಲರ್.

ಹಣದ ದೃಷ್ಟಿಯಿಂದ ನೋಡಿದರೆ ವಿನಾಯಿತಿ ಎಂದರೆ ಹಣದುಬ್ಬರದ ದರಕ್ಕೆ ಸಿಕ್ಕ ಸಾಲ, ಅದೂ ಕಂತಿಲ್ಲದ ಸಾಲ. ಬ್ಯಾಂಕಿನಲ್ಲಿ ಇಂಥದ್ದು ಸಿಗುವುದಿಲ್ಲ. ಆದ್ದರಿಂದ ಜಮೀನು ಉಳಿಸಿಕೊಳ್ಳುವವರು ಇಟ್ಟುಕೊಳ್ಳುವುದೇ ಸರಿ.

ಆದರೆ ಹಣ ಒಂದೇ ಅಲ್ಲ. ವಿನಾಯಿತಿ ಪಡೆದ ಜಮೀನಿಗೆ ಆ ಪೈಪಿನಿಂದ ಸೇವೆ ಕೊಡಬೇಕಾದ ಹೊಣೆ ಸಿಟಿಗೆ ಇಲ್ಲ. ನಾಳೆ ಬೋರ್‌ವೆಲ್ ಬತ್ತಿದರೆ, ಸೆಪ್ಟಿಕ್ ಕೆಟ್ಟು ಆರೋಗ್ಯ ಇಲಾಖೆಯವರು ಬಂದು ನಿಂತರೆ, ಪೈಪು ಗೇಟಿನ ಮುಂದೆಯೇ ಇದ್ದರೂ ಹಕ್ಕಿನಿಂದ ಕೇಳುವಂತಿಲ್ಲ. ಹಳೆಯ ಸೆಪ್ಟಿಕ್, ಕಡಿಮೆ ನೀರಿನ ಬೋರ್‌ವೆಲ್ ಇರುವವರು ಹಾಗೂ ಕೆಲವೇ ವರ್ಷದಲ್ಲಿ ನಿವೇಶನ ಮಾಡುವ ಯೋಚನೆ ಇರುವವರು ಬಿಟ್ಟುಕೊಡುವುದನ್ನು ಗಂಭೀರವಾಗಿ ಯೋಚಿಸಬೇಕು.

ಹಂತ 5: ಮನೆಗೆ ಮಾತ್ರ ಸಂಪರ್ಕ ಬೇಕಿದ್ದರೆ

ಹೊಲಕ್ಕೆ ಬೇಡ, ಹೊಲದಲ್ಲಿರುವ ಮನೆಗೆ ಮಾತ್ರ ನೀರು, ಚರಂಡಿ ಬೇಕು ಎನ್ನುವವರಿಗೆ ಭಾಗಶಃ ಅಸೆಸ್‌ಮೆಂಟ್ ಇದೆ. ನಿಜವಾಗಿ ಸಂಪರ್ಕ ಪಡೆದ ಮಟ್ಟಿಗೆ ಜಮೀನಿನ ಒಂದು ಪಾಲಿಗೆ ಮಾತ್ರ ಶುಲ್ಕ. ಲೆಕ್ಕದ ವಿಧಾನ ಕಂದಾಯ ಇಲಾಖೆಯ ನಿಯಮಾವಳಿ 458-30ರ 560ನೇ ನಿಯಮದಲ್ಲಿದೆ. ಸಿಟಿಯ ಎಂಜಿನಿಯರನ್ನು ಕೇಳುವಾಗ ಆ ಸಂಖ್ಯೆಯನ್ನೇ ಹೇಳಿ ಕೇಳಿ. ರೋಲ್ ಮುಗಿದ ಮೇಲೆ ಸಂಪರ್ಕ ಕೇಳಿದರೆ ಬಡ್ಡಿ ಸೇರಿದ ಸಂಪರ್ಕ ಶುಲ್ಕ ಬೀಳುತ್ತದೆ.

ಭಾಗಶಃ ಕಟ್ಟಿದೆ ಎಂದು ಉಳಿದ ಹೊಣೆ ಹರಿಯುವುದಿಲ್ಲ. ಜಮೀನು ಕೃಷಿಯಿಂದ ಹೊರಬಿದ್ದರೆ ಬರೆದಿಟ್ಟ ಬಾಕಿ ಬಂದೇ ಬರುತ್ತದೆ.

ಹಂತ 6: ಗೊತ್ತಿಲ್ಲದೆ ವರ್ಗೀಕರಣ ತಪ್ಪಿಹೋಗದಂತೆ ನೋಡಿಕೊಳ್ಳಿ

ಲೇಔಟ್ ಮಾಡಿದರೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಹೋಗುವ ದಾರಿಗಳಿವು:

ಮಾರಾಟ. ಕೊಳ್ಳುವವರು ಕ್ರಯದ ತೆರಿಗೆ ಪತ್ರದ ಜೊತೆ "ನೋಟಿಸ್ ಆಫ್ ಕಂಟಿನ್ಯುಯೆನ್ಸ್"ಗೆ, ಅಂದರೆ ವರ್ಗೀಕರಣ ಮುಂದುವರಿಸುತ್ತೇನೆ ಎಂಬ ಹೇಳಿಕೆಗೆ, ಸಹಿ ಹಾಕದಿದ್ದರೆ ಜಮೀನು ಹೊರಬೀಳುತ್ತದೆ. ಆಗ ಎರಡು ಬಿಲ್ಲು ಒಟ್ಟಿಗೆ ಬರುತ್ತವೆ. ಹಿಂದಿನ ವರ್ಷಗಳ ಆಸ್ತಿ ತೆರಿಗೆಯ ವ್ಯತ್ಯಾಸ ಬಡ್ಡಿ ಸಮೇತ ಒಂದು, ಕ್ರಮ ತಪ್ಪಿ ಹೊರಬಿದ್ದರೆ ಅದರ ಮೇಲೆ 20 ಶೇಕಡಾ ದಂಡ. ಇನ್ನೊಂದು ಈ ಸುಧಾರಣಾ ಶುಲ್ಕ. ಒಪ್ಪಂದದಲ್ಲೇ ಯಾರು ಯಾವುದನ್ನು ಹೊರಬೇಕೆಂದು ಬರೆಸಿ.

ಆದಾಯ ಕುಸಿತ. ಗೇಣಿಗೆ ಕೊಟ್ಟ ರೈತ ಬಿಟ್ಟುಹೋಗಿ ಜಮೀನು ಹಾಳುಬಿದ್ದರೆ, 20 ಎಕರೆಗಿಂತ ಚಿಕ್ಕ ಜಮೀನಿಗೆ ಅಪಾಯ. ಅಸೆಸರ್ ಆದಾಯದ ಪುರಾವೆ ಕೇಳಿದಾಗ ಸುಮ್ಮನಿರಬೇಡಿ.

ಭಾಗ ಮಾಡುವುದು. 8 ಎಕರೆಯನ್ನು ಮಕ್ಕಳಿಗೆ ಎರಡು ಭಾಗ ಮಾಡಿದರೆ ಎರಡೂ 5 ಎಕರೆಗಿಂತ ಕೆಳಗಿಳಿದು, ಒಂದೊಂದಕ್ಕೂ 1,500 ಡಾಲರಿನ ಅಳತೆ ಬರುತ್ತದೆ.

ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದರೆ ಅಷ್ಟರಿಂದಲೇ ವರ್ಗೀಕರಣ ಹೋಗುವುದಿಲ್ಲ.

ಜಮೀನು ಕೊಳ್ಳುವವರಿಗೊಂದು ಮಾತು. ಊರಿನಲ್ಲಿ ಇಸಿ ತೆಗೆಸುವ ಹಾಗೆ ಇಲ್ಲಿ ಟೈಟಲ್ ರಿಪೋರ್ಟ್ ತೆಗೆಸುತ್ತೀರಿ. ಈ ಬಾಕಿಯ ನೋಟಿಸು ಸಲ್ಲಿಕೆಯಾಗುವುದು ಅಸೆಸರ್ ಮತ್ತು ಸಿಟಿ ಟ್ರೆಷರರ್ ಬಳಿ. ಅಲ್ಲಿ ಸಲ್ಲಿಸಿದರೆ ಕೊಳ್ಳುವವರಿಗೆ ತಿಳಿಸಿದಂತೆಯೇ ಎಂದು ಕಾನೂನು ಹೇಳುತ್ತದೆ. "ನನಗೆ ಗೊತ್ತಿರಲಿಲ್ಲ" ಎನ್ನುವಂತಿಲ್ಲ. ಆ ಎರಡೂ ಕಚೇರಿಗೆ ಪಾರ್ಸೆಲ್ ಸಂಖ್ಯೆ, ಅಂದರೆ ಕೌಂಟಿ ದಾಖಲೆಯಲ್ಲಿರುವ ಜಮೀನಿನ ಸಂಖ್ಯೆ, ಕೊಟ್ಟು ಬಾಕಿ ಇದೆಯೇ ಎಂದು ಲಿಖಿತವಾಗಿ ಕೇಳಿ.

ಕರ್ನಾಟಕದಲ್ಲಿ ಜಮೀನು ಮಾಡಿ ಗೊತ್ತಿರುವವರಿಗೆ ಇದರ ತರ್ಕ ಹೊಸದಲ್ಲ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಮಿನಲ್ಲೂ ನೀರು ಪೂರೈಕೆ ಯೋಜನೆಯ ಸೆಸ್ ವಸೂಲಾಗುವುದು ಅಭಿವೃದ್ಧಿಗೆ ಅನುಮತಿ ಕೊಡುವಾಗ. ಅಲ್ಲಿ ಮೊತ್ತ ಅನುಮತಿಯ ಹೊತ್ತಿನ ಮಾರುಕಟ್ಟೆ ಬೆಲೆಗೆ ತಳಕು ಹಾಕಿಕೊಂಡಿದೆ. ವಾಷಿಂಗ್ಟನ್ನಿನಲ್ಲಿ ಮೊದಲೇ ಬರೆದಿಟ್ಟು ಬಡ್ಡಿ ಎಣಿಸುತ್ತಾರೆ.

ಹಂತ 7: ಕೊನೆಗೆ ಕೃಷಿ ಬಿಡುವಾಗ

ಇಡೀ ಜಮೀನನ್ನು ಹೊರತರಬೇಕಾಗಿಲ್ಲ. ಒಂದು ಭಾಗ ಹೊರಬಂದರೆ ಬಾಕಿ ಆ ಭಾಗಕ್ಕೆ ಮಾತ್ರ. ಉಳಿದ ಜಮೀನು ಹಂತ 1ರ ಅಳತೆಗೆ ಇನ್ನೂ ಹೊಂದುತ್ತದೆಯೇ ಎಂದು ಸರ್ವೆಗೆ ಮೊದಲೇ ನೋಡಿ. 22 ಎಕರೆಯಲ್ಲಿ 3 ಎಕರೆ ಮಾರಿದರೆ ಉಳಿದ 19ಕ್ಕೆ ಆದಾಯದ ಪುರಾವೆ ಬೇಕಾಗುತ್ತದೆ.

ಜಮೀನು ಹೊರಬಿದ್ದ ಕೂಡಲೇ ಅಸೆಸರ್ ಸಿಟಿಗೆ ತಿಳಿಸುತ್ತಾರೆ. ಸಿಟಿ ನಿಮಗೆ ಮೊತ್ತದ ಪತ್ರ ಅಂಚೆಯಲ್ಲಿ ಕಳಿಸುತ್ತದೆ. ಹಣ ಬಾಕಿಯಾಗುವುದು ಹೊರಬಿದ್ದ ದಿನವೇ, ಸುಸ್ತಿಯಾಗುವುದು ಪತ್ರ ಅಂಚೆಗೆ ಹಾಕಿದ 180 ದಿನದೊಳಗೆ ಕಟ್ಟದಿದ್ದರೆ. ನಿಮ್ಮ ಕೈಗೆ ಬಂದ ದಿನದಿಂದಲ್ಲ. ಹಾಗಾಗಿ ಅಸೆಸರ್ ದಾಖಲೆಯಲ್ಲಿ ನಿಮ್ಮ ಈಗಿನ ವಿಳಾಸ ಇರಲಿ. ಈ ಬಾಕಿ ಜಮೀನಿನ ಮೇಲಿನ ಋಣಭಾರ. ಸಾಮಾನ್ಯ ಆಸ್ತಿ ತೆರಿಗೆ ಬಿಟ್ಟರೆ ಬೇರೆಲ್ಲ ಸಾಲಕ್ಕಿಂತ, ಬ್ಯಾಂಕಿನ ಅಡಮಾನಕ್ಕಿಂತಲೂ, ಮುಂದೆ ನಿಲ್ಲುತ್ತದೆ.

ಪತ್ರ ಬಂದಾಗ ಮೂರು ಅಂಕಿ ತಾಳೆ ನೋಡಿ: ಅಸಲು ರೋಲಿನ ನೋಟಿಸಿನಲ್ಲಿದ್ದಷ್ಟೇ ಇದೆಯೇ, ಬಡ್ಡಿ ಶುರುವಾದ ದಿನ ಹಂತ 2ರಲ್ಲಿ ನೀವು ಬರೆಸಿಕೊಂಡ ದಿನವೇ, ಬಾಂಡ್ ತೀರಿದ ದಿನದ ನಂತರವೂ ಚಕ್ರಬಡ್ಡಿ ಹಾಕಿದ್ದಾರೆಯೇ. ಕಟ್ಟಿದ ಮೇಲೆ ಸಿಟಿ ಟ್ರೆಷರರ್‌ರಿಂದ ಪೂರ್ತಿ ತೀರಿದೆ ಎಂಬ ಪತ್ರ ಪಡೆದು, ಒಂದು ಪ್ರತಿಯನ್ನು ಅಸೆಸರ್ ಕಡತಕ್ಕೂ ಸೇರಿಸಿ.